ಅಪ್‌ಡೇಟ್: ಮಗುವಿನ ತಲೆಬುರುಡೆಯ ಹೆಮಾಂಜಿಯೋಮಾ (ರಕ್ತನಾಳಗಳ ಗಂಟು), ಆಪರೇಶನ್ ಆಯಿತು

ನಾಲ್ಕು ವರ್ಷದ ಮಗುವಿನ ಹಣೆಯ ಗಟ್ಟಿ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಬೇಕೇ ಅಂತ ಬದಿಯಡ್ಕದಿಂದ ಕೇಳಿದ್ದೆ. ಬೇಡ ಅಂದವರೇ ಸರಿ. ಮಂಗಳೂರಿನಲ್ಲಿ ಮಾಡಿಸಿದ ಸಿಟಿ ಸ್ಕ್ಯಾನ್‌ನಲ್ಲಿ ಎಲುಬಿನೊಳಗೆ ಜೇನುಗೂಡಿನಂಥ ತೂತುಗಳು ಕಂಡವು. ಅಲ್ಲಿಗೆ ಚುಚ್ಚಿದರೆ ರಕ್ತ ನಿಲ್ಲಿಸುವುದೇ ಕಷ್ಟ. ಕೆರೆದು ತೆಗೆದರೂ ಅದೇ ಪಾಡು, ಉಳಿದದ್ದು ಮತ್ತೆ ಬೆಳೆಯಬಹುದು. ಹಾಗಾಗಿ ಗಂಟನ್ನು ಕೆಣಕದೆ, ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಎಲುಬು ಸೇರಿಸಿ ಇಡೀ ತುಂಡನ್ನೇ ಎತ್ತಿದರು. 15 ಕಿಲೋ ಮಗುವಿನ ಮೈಯಲ್ಲಿ ಇರುವುದೇ ಸುಮಾರು 1,100 ಮಿಲಿ ರಕ್ತ. 200 ಹೋದರೂ ಸಣ್ಣದಲ್ಲ. ಕ್ರಾಸ್‌ಮ್ಯಾಚ್ ಆದ (ಮಗುವಿನ ರಕ್ತಕ್ಕೆ ಹೊಂದುತ್ತದೆ ಅಂತ ಪರೀಕ್ಷಿಸಿದ) ರಕ್ತ ಮೊದಲೇ ತಯಾರಿರಬೇಕು.

ಟೈಟಾನಿಯಂ ಜಾಲರಿ ಹಾಕಲಿಲ್ಲ: ತಲೆ ಬೆಳೆಯುತ್ತದೆ, ಜಾಲರಿ ಬೆಳೆಯುವುದಿಲ್ಲ. ಪಕ್ಕದ ಬುರುಡೆಯೆಲುಬನ್ನೇ ಎರಡು ಪದರವಾಗಿ ಸೀಳಿ ಕೂರಿಸಿದ್ದಾರೆ. (ಇನ್ನೂ ಚಿಕ್ಕ ಮಗುವಾದರೆ ಎಲುಬು ತೀರಾ ತೆಳು, ಸೀಳಲು ಬರುವುದಿಲ್ಲ.) ಪೆಥಾಲಜಿ ವರದಿ ಬಂತು: ಕ್ಯಾವರ್ನಸ್ (ಅಗಲವಾಗಿ ಹಿಗ್ಗಿದ ರಕ್ತನಾಳಗಳ ಬಗೆ), ಅಂಚಿನಲ್ಲಿ ಗಂಟು ಉಳಿದಿಲ್ಲ. ಆರು ತಿಂಗಳಿಗೆ ಎಂಆರ್‌ಐ.