ಆಂಟಿಮ್ಯಾಟರ್ ಮೇಲಕ್ಕೆ ಬೀಳುತ್ತಾ? ಕಾಲ ಭ್ರಮೆನಾ? ಭಾನುವಾರದ ಪ್ರಶ್ನೋತ್ತರ

ಕೋಲಾರದ ನಮ್ಮ ಗುಂಪಿನಲ್ಲಿ ಇವತ್ತು ಸಂಜೆ ಉತ್ತರ ಕೊಡುವವರು, ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ.

ಶ್ರೀನಿವಾಸಪುರ, ಮಾವಿನ ತೋಟ: ನಮಸ್ಕಾರ ಮೇಡಂ. ಆಂಟಿಮ್ಯಾಟರ್‌ನ ಮಾವಿನಹಣ್ಣು ಇದ್ದರೆ, ತೊಟ್ಟು ಕಳಚಿದ ಮೇಲೆ ಆಕಾಶಕ್ಕೆ ಹೋಗುತ್ತಂತೆ. ನಿಜಾನಾ?

ಮೇಡಂ: ಇಲ್ಲ ಸರ್, ಕೆಳಕ್ಕೇ ಬೀಳುತ್ತದೆ. ಆಂಟಿಮ್ಯಾಟರ್ ಅಂದರೆ ಮಾಮೂಲಿ ವಸ್ತುವಿನ ಹಾಗೇ ಇದ್ದು, ಕಣಗಳ ವಿದ್ಯುದಂಶ ಮಾತ್ರ ತಿರುಗುಮುರುಗಾಗಿರುವ ವಸ್ತು. ಅದನ್ನು ಬೀಳಿಸಿಯೇ ನೋಡಿದ್ದಾರೆ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಆಲ್ಫಾ ಅನ್ನುವ ತಂಡ, 2023ರಲ್ಲಿ ಫಲಿತಾಂಶ ಕೊಟ್ಟಿತು. ಹಣ್ಣಿನ ಜಾಗದಲ್ಲಿ ಆಂಟಿಹೈಡ್ರೋಜನ್, ಅಂದರೆ ಹೈಡ್ರೋಜನ್ನಿನ ಆಂಟಿಮ್ಯಾಟರ್ ಜೋಡಿ, ಅದರ ಪರಮಾಣು. ಮಾಮೂಲಿ ವಸ್ತುವಿಗೆ ತಗುಲಿದರೆ ಅದು ನಾಶವಾಗುತ್ತದೆ. ಅದಕ್ಕೇ ನೆಟ್ಟಗೆ ನಿಲ್ಲಿಸಿದ ಕೊಳವೆಯೊಳಗೆ, ಗೋಡೆಗೆ ತಾಗದಂತೆ, ಅಯಸ್ಕಾಂತದ ಬಲದಿಂದ ಹಿಡಿದಿಟ್ಟರು. ಒಂದು ಸಲಕ್ಕೆ ಸುಮಾರು 100 ಪರಮಾಣು. ಆಮೇಲೆ ಮೇಲಿನ, ಕೆಳಗಿನ ತಡೆಯನ್ನು 20 ಸೆಕೆಂಡಿನಲ್ಲಿ ನಿಧಾನವಾಗಿ ಇಳಿಸಿದರು. ನೂರಕ್ಕೆ ಸುಮಾರು 80 ಕೆಳಗಿನಿಂದ ಹೊರಬಂದವು.

ಬಂಗಾರಪೇಟೆ, ಪಿಯು ವಿದ್ಯಾರ್ಥಿನಿ: ಉಳಿದ 20 ಯಾಕೆ ಮೇಲೆ ಹೋದವು ಮೇಡಂ?

ಮೇಡಂ: ಒಳ್ಳೇ ಪ್ರಶ್ನೆ ಕೇಳಿದೆ ಪುಟ್ಟಿ! ಮೈನಸ್ 272 ಡಿಗ್ರಿಗಿಂತ ತಣ್ಣಗಿದ್ದರೂ ಆ ಪರಮಾಣುಗಳು ಸುಮ್ನೆ ಕೂರುವುದಿಲ್ಲ, ಒಳಗೇ ಓಡಾಡುತ್ತಿರುತ್ತವೆ. ತಡೆ ಇಳಿದ ಗಳಿಗೆಯಲ್ಲಿ ಮೇಲ್ಮುಖವಾಗಿ ಓಡುತ್ತಿದ್ದ ಕೆಲವು ಮೇಲಿಂದಲೇ ಆಚೆ ಹೋಗುತ್ತವೆ. ಮಾಮೂಲಿ ಹೈಡ್ರೋಜನ್ ಇಟ್ಟಿದ್ದರೂ ಲೆಕ್ಕ ಹೀಗೇ ಬರುತ್ತದೆ. ಆಮೇಲೆ ಅವರು ಅಯಸ್ಕಾಂತದಿಂದ ಮೇಲಕ್ಕೂ ಕೆಳಕ್ಕೂ ಬೇರೆ ಬೇರೆ ಬಲ ಹಾಕಿ ನೋಡಿದರು. ಎಷ್ಟು ಬಲಕ್ಕೆ ಎರಡೂ ಕಡೆ ಸರಿಸಮ ಬರುತ್ತವೆ ಅಂತ ಗೊತ್ತಾದರೆ ಗುರುತ್ವದ ಎಳೆತ ಎಷ್ಟು ಅಂತ ಗೊತ್ತಾದ ಹಾಗೆ. ಬಂದ ಉತ್ತರ ಮಾಮೂಲಿ ಎಳೆತದ 0.75 ಪಾಲು, ಸುಮಾರು 0.2 ಆಚೀಚೆ. ‘ಮುಕ್ಕಾಲೇ ಎಳೆಯುತ್ತೆ’ ಅಂತ ಬರೆದುಕೊಳ್ಳಬೇಡ. ಅಷ್ಟು ವ್ಯತ್ಯಾಸ ಅಳತೆಯ ತೂಗಾಟದಲ್ಲೇ ಬರಬಹುದು. ಮೇಲಕ್ಕೆ ಬೀಳುವ ಮಾತು ಮಾತ್ರ ಮುಗಿಯಿತು.

ಮುಳಬಾಗಿಲು, ನಿವೃತ್ತ ಮೇಷ್ಟ್ರು: ಕಾಲವೇ ಭ್ರಮೆ ಅಂತ ಐನ್‌ಸ್ಟೈನ್ ಹೇಳಿದ್ದಾರಲ್ಲ ಮೇಡಂ?

ಮೇಡಂ: 1955ರಲ್ಲಿ ಗೆಳೆಯ ಬೆಸ್ಸೊ ತೀರಿಕೊಂಡಾಗ ಆ ಮನೆಯವರಿಗೆ ಬರೆದ ಸಮಾಧಾನದ ಪತ್ರ ಅದು. ಹಿಂದೆ, ಈಗ, ಮುಂದೆ ಎಂಬ ಭೇದದ ಬಗ್ಗೆ ಆ ಮಾತು. ಗಡಿಯಾರ ಸುಳ್ಳು ಅಂದಿಲ್ಲ. ನಂದಿ ಬೆಟ್ಟದ ಮೇಲೊಂದು, 500 ಮೀಟರ್ ಕೆಳಗೊಂದು ಪರಮಾಣು ಗಡಿಯಾರ ಇಟ್ಟರೆ ಮೇಲಿನದು ದಿನಕ್ಕೆ ಸುಮಾರು 5 ನ್ಯಾನೋಸೆಕೆಂಡ್ ಮುಂದೆ ಹೋಗುತ್ತದೆ. ಅಳೆಯಲು ಸಿಗುವುದನ್ನು ಬರೀ ಭ್ರಮೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಚಿಂತಾಮಣಿ: ಕಾಲ ಭ್ರಮೆನಾ ಮೇಡಂ?

ಮೇಡಂ: ಮೇಲೆ ಬರೆದಿದ್ದೇನೆ.

ಮುಳಬಾಗಿಲು, ನಿವೃತ್ತ ಮೇಷ್ಟ್ರು: ನಮ್ಮ ಹಿರಿಯರು ಮಾಯೆ ಅಂದಿದ್ದೂ ಇದನ್ನೇ ಅಲ್ವಾ.

ಕೆಜಿಎಫ್, ಗಣಿ ಕಾರ್ಮಿಕರ ಮಗ: ಮಾಯೆ ಬೇರೆ, ಸುಳ್ಳು ಬೇರೆ ಮೇಷ್ಟ್ರೇ. ಎರಡನ್ನೂ ಕಲಸಬೇಡಿ. 1965ರಲ್ಲಿ ನಮ್ಮ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಅನ್ನುವ ಸೂಕ್ಷ್ಮ ಕಣದ ಗುರುತು ಸಿಕ್ಕಿತು. ಕತ್ತಲಲ್ಲಿ ಕಾದು ಎಣಿಸಿದರು, ಕಣ್ಣುಮುಚ್ಚಿ ಕೂತು ಕಂಡದ್ದಲ್ಲ.

ಮುಳಬಾಗಿಲು, ನಿವೃತ್ತ ಮೇಷ್ಟ್ರು: ಧ್ಯಾನವನ್ನು ಹೀಗಳೆಯುತ್ತೀರಾ? ವಯಸ್ಸಿಗಾದರೂ ಮರ್ಯಾದೆ ಕೊಡಿ.

ಕೆಜಿಎಫ್, ಗಣಿ ಕಾರ್ಮಿಕರ ಮಗ: ಮರ್ಯಾದೆ ಇದೆ. ಒಪ್ಪಿಗೆ ಇಲ್ಲ.

ಗೌರಿಬಿದನೂರು: ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನಿನ ಆಂಟಿಮ್ಯಾಟರ್ ಜೋಡಿ, ಕಾಲದಲ್ಲಿ ಹಿಂದಕ್ಕೆ ಓಡುತ್ತಂತೆ, ಹೌದಾ?

ಮಾಲೂರು: ಮೇಡಂ, ನಾಳೆ ಅಮ್ಮನಿಗೆ ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್. ‘ಆಂಟಿಮ್ಯಾಟರ್ ಇಂಜೆಕ್ಷನ್ ಮೈ ಸುಡುತ್ತೆ, ಕ್ವಾಂಟಮ್ ಲಾಕೆಟ್ ಹಾಕಿದರೆ ಸಾಕು, ಸ್ಕ್ಯಾನ್ ಬೇಡ’ ಅಂತ ಫಾರ್ವರ್ಡ್ ಬಂದಿದೆ. ಅಮ್ಮ ಲಾಕೆಟ್ ತರಿಸಿ ಹಾಕಿಕೊಂಡಿದ್ದಾರೆ. ಹೋಗಲ್ಲ ಅಂತಿದ್ದಾರೆ.

ಮೇಡಂ: ಎಲ್ಲರೂ ಸ್ವಲ್ಪ ನಿಲ್ಲಿ. ಮೊದಲು ಇದು.

ತಾಯಿ, ಆ ಲಾಕೆಟ್ ಈಗಲೇ ತೆಗೆಸಿ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಸಂಸ್ಥೆ ಇಂಥ 10 ವಸ್ತುಗಳಿಂದ ವಿಕಿರಣ ಬರುತ್ತಿದೆ, ಧರಿಸಬೇಡಿ ಅಂತ ಎಚ್ಚರಿಸಿತ್ತು. ಅದರಲ್ಲಿ ಕ್ವಾಂಟಮ್ ಲಾಕೆಟ್ ಕೂಡ ಇತ್ತು. ನಿಮ್ಮದರಲ್ಲೂ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಮೈಗೆ ತಾಗಿಸಿ ಪರೀಕ್ಷೆ ಮಾಡುವುದು ಬೇಡ. ಒಡೆಯಬೇಡಿ, ಉಜ್ಜಬೇಡಿ, ಮಕ್ಕಳ ಕೈಗೆ ಸಿಗದಂತೆ ದೂರ ಇಡಿ.

ಇಂಜೆಕ್ಷನ್ ವಿಷಯ. ಅದರಲ್ಲಿರುವುದು ಸಾಮಾನ್ಯವಾಗಿ ಫ್ಲೋರಿನ್-18 ಸೇರಿಸಿದ ಸಕ್ಕರೆಯಂಥ ಪದಾರ್ಥ. ಅದರಿಂದ ಪಾಸಿಟ್ರಾನ್ ಹೊರಬರುತ್ತದೆ. ಹೌದು, ಅದು ಆಂಟಿಮ್ಯಾಟರೇ. ಹತ್ತಿರದಲ್ಲೇ ಒಂದು ಎಲೆಕ್ಟ್ರಾನ್ ಸಿಕ್ಕಿ ಎರಡೂ ಅಳಿದು, ಎದುರುಬದುರು ದಿಕ್ಕಿಗೆ ಎರಡು ಗಾಮಾ ಕಿರಣ ಹೊರಡುತ್ತವೆ. ಯಂತ್ರ ಆ ಜೋಡಿಯನ್ನು ಹಿಡಿದು ಚಿತ್ರ ಕಟ್ಟುತ್ತದೆ. ಸುಮಾರು 110 ನಿಮಿಷಕ್ಕೆ ಅದರ ಅರ್ಧ ಮುಗಿದಿರುತ್ತದೆ, ಇನ್ನೊಂದು 110ಕ್ಕೆ ಉಳಿದುದರ ಅರ್ಧ. ವಿಕಿರಣ ಇದೆ, ಮುಚ್ಚಿಡುವುದಿಲ್ಲ. ಅದಕ್ಕೇ ಬೇಕಾದಾಗ ಮಾತ್ರ, ಅಳೆದು ಕೊಡುತ್ತಾರೆ. ಮೈ ಸುಡುವುದಿಲ್ಲ. ಸ್ಕ್ಯಾನ್ ಆದ ಮೇಲೆ ಕೆಲವು ಗಂಟೆ ಬಸುರಿಯರು, ಕೂಸುಗಳಿಂದ ದೂರ ಇರಲಿ. ಸಕ್ಕರೆ ಕಾಯಿಲೆ ಇದ್ದರೆ ಈಗಲೇ ಅಲ್ಲಿಗೆ ಫೋನ್ ಮಾಡಿ ತಿಳಿಸಿ. ಔಷಧಿ ವಿಷಯ ಅವರೇ ಹೇಳಬೇಕು, ನಾನಲ್ಲ.

ಕೋಲಾರ ಟೌನ್: ನಮ್ಮ ಭಾವ ಇದೇ ಲಾಕೆಟ್ ಹಾಕಿದಾಗಿಂದ ಮಂಡಿ ನೋವು ಕಡಿಮೆ. ಬೇಕಾದವರು ನನಗೆ ಮೆಸೇಜ್ ಮಾಡಿ, ರೇಟ್ ಹೇಳುತ್ತೇನೆ.

ಮೇಡಂ: ಈ ಮೆಸೇಜ್ ಅಳಿಸಿ. ಒಬ್ಬರ ತಾಯಿ ಪರೀಕ್ಷೆ ಬಿಡುವ ಹಂತಕ್ಕೆ ಬಂದಿದ್ದಾರೆ, ನೀವು ರೇಟ್ ಹೇಳುತ್ತೀರಾ?

ಕೋಲಾರ ಟೌನ್: ಓದಿದವರಿಗೆ ಜಾಸ್ತಿ ಕೋಪ.

ಕೆಜಿಎಫ್, ಗಣಿ ಕಾರ್ಮಿಕರ ಮಗ: ಅಡ್ಮಿನ್, ಇವರನ್ನು ತೆಗೀರಿ.

ಮುಳಬಾಗಿಲು, ನಿವೃತ್ತ ಮೇಷ್ಟ್ರು: ಈ ವಿಷಯದಲ್ಲಿ ನಾನೂ ಅದನ್ನೇ ಹೇಳುತ್ತೇನೆ. ತೆಗೀರಿ.

ಚಿಂತಾಮಣಿ: ಹಾಗಾದರೆ ಆಂಟಿಮ್ಯಾಟರ್ ಮೇಲಕ್ಕೆ ಬೀಳಲ್ವಾ?

ಮೇಡಂ: ಇಲ್ಲ. ಮೊದಲಿಂದ ಓದಿ.

ಮಾಲೂರು: ತೆಗೆಸಿದೆ ಮೇಡಂ. ಕತ್ತಿನಲ್ಲಿ ಕರಿ ದಾರದ ಗುರುತು ಹಾಗೇ ಇದೆ. ಅಮ್ಮನಿಗೆ ಶುಗರ್ ಇದೆ, ನೀವು ಬರೆದದ್ದು ನೋಡಿ ಫೋನ್ ಮಾಡಿದೆ. ಬೆಳಗಿನ ಮಾತ್ರೆ, ಊಟದ ಬಗ್ಗೆ ಹೇಳಿದರು. ಐದೂವರೆ ರೈಲಿಗೆ ಹೊರಡುತ್ತೇವೆ.

ಮೇಡಂ: ಹೋಗಿ ಬನ್ನಿ. ಹಳೇ ರಿಪೋರ್ಟುಗಳನ್ನು ಮರೆಯಬೇಡಿ.