ಸಹಾಯ ಬೇಕು: ಕೆಂಟಕಿ ಡರ್ಬಿಗೆ ಮುಂಚೆ ಒಂದು ರೇಸಾ, ಎರಡಾ?

ಫ್ಲೋರಿಡಾದಲ್ಲಿ ತಯಾರಾಗುತ್ತಿರುವ ಮೂರು ವರ್ಷದ ಗಂಡುಕುದುರೆಯೊಂದರಲ್ಲಿ ನನಗೆ ಸಣ್ಣ ಪಾಲಿದೆ. 7 ಫರ್ಲಾಂಗ್‌ನಲ್ಲಿ ಚೆನ್ನಾಗಿ ಗೆದ್ದಿದ್ದಾನೆ. ಅಮೆರಿಕದ ದೊಡ್ಡ ಕುದುರೆ ರೇಸ್ ಆದ ಕೆಂಟಕಿ ಡರ್ಬಿ 10 ಫರ್ಲಾಂಗ್. ಜಾಗ 20 ಕುದುರೆಗಳಿಗೆ ಮಾತ್ರ, ಅದೂ ಮುಂಚಿನ ಕೆಲವು ರೇಸ್‌ಗಳಲ್ಲಿ ಗಳಿಸಿದ ಪಾಯಿಂಟ್ ಮೇಲೆ.

ಅಂಥ ಎರಡು ರೇಸ್ ಓಡಿಸೋಣ, ಮೊದಲು ಫೌಂಟನ್ ಆಫ್ ಯೂತ್, ಆಮೇಲೆ ಫ್ಲೋರಿಡಾ ಡರ್ಬಿ ಅಂತಾರೆ ಟ್ರೇನರ್. ಅನುಭವ ಬರುತ್ತದೆ, ನಿಜ. ಆದರೆ ಇವನು ರೇಸ್ ಆದಮೇಲೆ ಅರ್ಧ ಮೇವು ಹಾಗೇ ಬಿಡುತ್ತಾನೆ, ಪಕ್ಕೆಲುಬು ಕಾಣಿಸುತ್ತದೆ. ನೋಡಿದರೆ ಸಂಕಟ ಆಗುತ್ತದೆ. ಮೇವಿಗೆ ಎಣ್ಣೆ ಸೇರಿಸಿದೆವು, ಬೆಳಗಿನ ಓಟ ಕಡಿಮೆ ಮಾಡಿದೆವು. ಸ್ವಲ್ಪ ವಾಸಿ, ಅಷ್ಟೇ.

ನೇರ ಫ್ಲೋರಿಡಾ ಡರ್ಬಿಗೇ ಬಿಟ್ಟರೆ ಗೆದ್ದವನಿಗೆ 100, ಎರಡನೆಯವನಿಗೆ 50 ಪಾಯಿಂಟ್. ಮೂರನೆಯವನಾದರೆ 25. ಅಷ್ಟು ಸಾಲೋದು ಅನುಮಾನ ಅಲ್ವಾ?

ಮೈ ಇಳಿಯುವ ಇಂಥ ಕುದುರೆಯನ್ನು ನೀವಾದರೆ ಎರಡರಲ್ಲೂ ಓಡಿಸ್ತೀರಾ, ಒಂದರಲ್ಲೇ ಓಡಿಸ್ತೀರಾ? ಏಕೆ?