ಬಿಲ್ಲಿನ ಹೊಸ ಹೆದೆ ಉದ್ದವಾಗುತ್ತಲೇ ಇದೆ, ಹುರಿ ಹಾಕಿದಷ್ಟೂ ಜಾಸ್ತಿ. ಯಾಕೆ?

ಬಿದಿರುಬಾಣ:
ಎಲ್ಲರಿಗೂ ನಮಸ್ಕಾರ. ನನ್ನದು 66 ಇಂಚಿನ ಲಾಂಗ್‌ಬೋ, 28 ಇಂಚು ಎಳೆದಾಗ 40 ಪೌಂಡ್ ಬಲ. ಅಂಗಡಿಯ ಹೆದೆ ನಾರು ನಾರಾಗಿತ್ತು, ಮನೆಯಲ್ಲೇ ಒಂದು ಮಾಡೋಣ ಅಂತ ಕೂತೆ. ಬಿ-55 ಡೇಕ್ರಾನ್ (ಹೆದೆಗೆ ಬಳಸುವ ಪಾಲಿಯೆಸ್ಟರ್ ದಾರ), 12 ಎಳೆ, ಆರಾರು ಎಳೆಯ ಎರಡು ಕಟ್ಟು. ಎರಡೂ ತುದಿಗೆ ಫ್ಲೆಮಿಶ್ ಟ್ವಿಸ್ಟ್ ಕುಣಿಕೆ, ಅಂದರೆ ಗಂಟು ಹಾಕದೆ ಎಳೆಗಳನ್ನು ಹೊಸೆದು ಮಾಡುವ ಕುಣಿಕೆ. ಉದ್ದ 63 ಇಂಚು ಬಂತು.

ಬ್ರೇಸ್ ಹೈಟ್ (ಏರಿಸಿದ ಹೆದೆಗೂ ಬಿಲ್ಲಿನ ಹಿಡಿಗೂ ನಡುವಿನ ಅಂತರ) ಬೆಳಿಗ್ಗೆ 7 ಇಂಚು ಇಟ್ಟರೆ ಸಂಜೆಗೆ ಐದೂವರೆ. ಬಿಟ್ಟ ಬಾಣಕ್ಕೆಲ್ಲ ಹೆದೆ ಬಂದು ಮಣಿಕಟ್ಟಿಗೆ ಹೊಡೆಯುತ್ತದೆ. ಕೆಳಗಿನ ಕುಣಿಕೆ ತೆಗೆದು ಒಂದಷ್ಟು ಸುತ್ತು ಹಾಕಿದರೆ ಸ್ವಲ್ಪ ಹೊತ್ತು ಸರಿ ಇರುತ್ತದೆ. ಆಮೇಲೆ ಮೊದಲಿಗಿಂತ ಬೇಗ ಇಳಿಯುತ್ತದೆ. ದಾರವೇ ಕಳಪೆಯಾ?

ಹೊಳೆದಂಡೆ:
ಹೊಸ ಡೇಕ್ರಾನ್ ಸ್ವಲ್ಪ ಹಿಗ್ಗುವುದು ಮಾಮೂಲಿ. ಹೆದೆ ಏರಿಸಿ ಒಂದು ರಾತ್ರಿ ಹಾಗೇ ಬಿಡಿ, ಕುಣಿಕೆಗಳು ಕೊಪ್ಪಿನ (ಬಿಲ್ಲಿನ ತುದಿಯಲ್ಲಿ ಹೆದೆ ಕೂರುವ ಕಚ್ಚು) ಮೇಲೆ ಸರಿಯಾಗಿ ಕೂರುತ್ತವೆ. ಆಮೇಲೆ ಸುತ್ತು ಹಾಕಿ ಅಳತೆಗೆ ತನ್ನಿ. ಅಂದಹಾಗೆ ಅದು ನಿಜವಾಗಲೂ ಡೇಕ್ರಾನೇ ತಾನೇ? ಕೆಲವರು ನೈಲಾನ್ ದಾರ ತಂದು ಹೆದೆ ಮಾಡಿ ಒದ್ದಾಡುತ್ತಾರೆ. ನೈಲಾನ್ ಹಿಗ್ಗುವುದನ್ನು ನಿಲ್ಲಿಸುವುದೇ ಇಲ್ಲ.

ಬಿದಿರುಬಾಣ:
ಡೇಕ್ರಾನೇ ಸಾರ್, ರೀಲ್ ಮೇಲೆ ಬರೆದಿದೆ. ರಾತ್ರಿಯಿಡೀ ಬಿಟ್ಟೂ ನೋಡಿದೆ. ಬೆಳಿಗ್ಗೆ ಮತ್ತೆ ಇಳಿದಿತ್ತು.

ಹೆದೆಗಾರ:
ಒಂದೂವರೆ ಇಂಚು ಇಳಿಯುವುದು ಬರೀ ಹಿಗ್ಗುವಿಕೆ ಅಲ್ಲ. ಮೊದಲು ಬಾಣ ಬಿಡುವುದು ನಿಲ್ಲಿಸಿ. ಕುಣಿಕೆ ಪೂರ್ತಿ ಬಿಚ್ಚಿಕೊಂಡರೆ ಬಿಲ್ಲಿನ ಬಲವೆಲ್ಲ ಬಿಲ್ಲಿಗೇ ವಾಪಸ್ ಬರುತ್ತದೆ. ಬಾಣ ಇಲ್ಲದೆ ಹೆದೆ ಬಿಟ್ಟಂತೆಯೇ ಅದು, ಬಿಲ್ಲು ಸೀಳಿಹೋಗಬಹುದು.

ಈಗ ಒಂದು ಪರೀಕ್ಷೆ. ಹೆದೆ ಏರಿಸಿ, ತೆಳು ಪೆನ್ನಿನಿಂದ ಗುರುತು ಹಾಕಿ. ಮೇಲಿನ ಕುಣಿಕೆಯ ಬುಡದಲ್ಲಿ ಒಂದು, ಬಾಲ (ಕುಣಿಕೆ ಮಾಡಿ ಉಳಿದ ಎಳೆಗಳ ತುದಿ) ಸೇರಿಸಿ ಹೊಸೆದ ಭಾಗ ಮುಗಿಯುವ ಕಡೆ ಇನ್ನೊಂದು. ಕೆಳಗೂ ಹಾಗೇ ಎರಡು. ನಡುವೆ ಸುಮ್ನೆ ಒಂದು ಅಡಿ ಅಂತರದಲ್ಲಿ ಮತ್ತೆರಡು. ಎಲ್ಲ ಅಂತರ ಬರೆದಿಟ್ಟುಕೊಂಡು ಕೆಲವು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಎಲ್ಲ ಕಡೆ ಸಮನಾಗಿ ಹೆಚ್ಚಿದ್ದರೆ ದಾರ ಹಿಗ್ಗುತ್ತಿದೆ. ಒಂದೇ ಕಡೆ ಹೆಚ್ಚಿದ್ದರೆ ಅಲ್ಲಿ ಹೊಸೆದದ್ದು ಜಾರುತ್ತಿದೆ. ಎರಡೂ ತುದಿಯ ಫೋಟೋ ಹತ್ತಿರದಿಂದ ತೆಗೆದು ಹಾಕಿ.

ಚಿಕ್ಕಬಿಲ್ಲು:
ಇಷ್ಟೆಲ್ಲ ಯಾಕೆ ಅಣ್ಣ, ಹೊಸೆದ ಭಾಗಕ್ಕೆ ಎರಡು ಹನಿ ಸೂಪರ್‌ಗ್ಲೂ ಹಾಕಿದರೆ ಆಯ್ತಲ್ವಾ?

ಹೆದೆಗಾರ:
ದಯವಿಟ್ಟು ಬೇಡ. ಗ್ಲೂ ಹೀರಿದ ಎಳೆ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಗಟ್ಟಿ ಭಾಗ ಮುಗಿದು ಮೆತ್ತನೆಯ ಭಾಗ ಶುರುವಾಗುವ ಕಡೆಯೇ ಪ್ರತಿ ಸಲ ಬಾಗುತ್ತದೆ, ಒಂದು ದಿನ ಅಲ್ಲೇ ತುಂಡಾಗುತ್ತದೆ. ಫ್ಲೆಮಿಶ್ ಕುಣಿಕೆಯಲ್ಲಿ ಗಂಟೂ ಇಲ್ಲ, ಅಂಟೂ ಇಲ್ಲ. ಹಿಡಿದಿಡುವುದು ಹುರಿಯ ಬಿಗಿ ಮಾತ್ರ. ಎಳೆತ ಜಾಸ್ತಿಯಾದಷ್ಟೂ ಅದು ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳಬೇಕು. ಇಲ್ಲಿ ಉಲ್ಟಾ ಆಗುತ್ತಿದೆ ಅಂದರೆ ಹುರಿಯಲ್ಲೇ ಏನೋ ಎಡವಟ್ಟಾಗಿದೆ.

ಬಿದಿರುಬಾಣ:
ಅಳೆದೆ. ಮೇಲಿನ ತುದಿ ಅಲುಗಿಲ್ಲ. ನಡುವೆ ವ್ಯತ್ಯಾಸ ಇದೆ ಅನ್ನುವಷ್ಟೂ ಇಲ್ಲ. ಕೆಳಗಿನ ತುದಿಯಲ್ಲಿ ಮಾತ್ರ ಗುರುತುಗಳು ದೂರ ಸರಿದಿವೆ, ಹುರಿಯೂ ಸಡಿಲವಾಗಿ ಕಾಣುತ್ತದೆ. ಫೋಟೋ ಹಾಕಿದ್ದೇನೆ. ಎಲ್ಲ ಕಪ್ಪು ದಾರವೇ, ಸ್ವಲ್ಪ ದೊಡ್ಡದು ಮಾಡಿ ನೋಡಿ.

ಹೆದೆಗಾರ:
ಸಿಕ್ಕಿತು. ಫೋಟೋದಲ್ಲಿ ಹುರಿಯ ಓರೆ ಗೆರೆಗಳನ್ನು ಗಮನಿಸಿ. ಮೇಲಿನ ತುದಿಯಲ್ಲಿ ಗೆರೆಗಳು ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಹೋಗಿವೆ. ಕೆಳಗಿನ ತುದಿಯಲ್ಲಿ ಬಲಗಡೆ ಕೆಳಗಿಂದ ಎಡಗಡೆ ಮೇಲಕ್ಕೆ. ಹೆದೆಯನ್ನು ತಲೆಕೆಳಗು ಮಾಡಿ ಹಿಡಿದರೆ ಓರೆ ಬದಲಾಗಬಹುದು ಅಂತ ಅನ್ನಿಸುತ್ತದೆ, ಆದರೆ ಬದಲಾಗುವುದಿಲ್ಲ. ಬೇಕಾದರೆ ಒಂದು ತುಂಡು ಹಗ್ಗ ಹಿಡಿದು ತಿರುಗಿಸಿ ನೋಡಿ. ಹಾಗಾಗಿ ಒಂದು ಹೆದೆಯ ಎರಡೂ ತುದಿಯಲ್ಲಿ ಓರೆ ಒಂದೇ ದಿಕ್ಕಿನಲ್ಲಿ ಇರಬೇಕು. ನಿಮ್ಮದರಲ್ಲಿ ಒಂದು ಬಲಕ್ಕೆ, ಒಂದು ಎಡಕ್ಕೆ.

ನೀವು ಸುತ್ತು ಹಾಕಿದಾಗೆಲ್ಲ ಆದದ್ದು ಇದು. ನಡುವಿನ ಸುತ್ತು ಮೇಲಿನ ತುದಿಗೆ ಹೊಂದುತ್ತದೆ, ಅದನ್ನು ಬಿಗಿ ಮಾಡುತ್ತದೆ. ಅದೇ ಸುತ್ತು ಕೆಳಗಿನ ತುದಿಯನ್ನು ಬಿಚ್ಚುತ್ತದೆ. ವಿರುದ್ಧ ಕಡೆಗೆ ತಿರುಗಿಸಿದರೆ ಮೇಲಿನದು ಬಿಚ್ಚುತ್ತದೆ. ಯಾವ ಕಡೆಗೆ ತಿರುಗಿಸಿದರೂ ಒಂದು ತುದಿಗೆ ನಷ್ಟವೇ. ದಾರದ ತಪ್ಪೇನೂ ಇಲ್ಲ.

ಎರಡು ಕುಣಿಕೆಯನ್ನೂ ನೀವೇ ಹೊಸೆದದ್ದಾ?

ಬಿದಿರುಬಾಣ:
ಅಯ್ಯೋ! ಕೆಳಗಿನದನ್ನು ನನ್ನ ತಮ್ಮ ಮಾಡಿದ್ದು. ಅವನು ಎಡಚ.

ಹೊಳೆದಂಡೆ:
ಹಹ್ಹಾ, ತಮ್ಮನ ಕೈವಾಡ! ಭಿಲ್ಲ ಬುಡಕಟ್ಟಿನವರ ಬಿಲ್ಲಾಗಿದ್ದರೆ ಬಚಾವಾಗುತ್ತಿದ್ದಿರಿ. ಅವರು ಬಿದಿರಿನ ಸೀಳನ್ನೇ ಹೆದೆ ಮಾಡುತ್ತಾರೆ, ಹುರಿಯ ಗೊಡವೆಯೇ ಇಲ್ಲ.

ಹೆದೆಗಾರ:
ತಮ್ಮನನ್ನು ಬೈಯಬೇಡಿ, ಅವರು ಸರಿಯಾಗಿಯೇ ಹೊಸೆದಿದ್ದಾರೆ. ಕಟ್ಟನ್ನು ಆಚೆಗೆ ತಿರುಚು, ಈಚೆಗೆ ಮಡಚು, ಇದೇ ಅಲ್ವಾ ಎಲ್ಲರೂ ಹೇಳಿಕೊಡುವ ಕ್ರಮ? ಬಲಗೈಯವರು ಮಾಡಿದರೆ ಒಂದು ಹುರಿ, ಎಡಗೈಯವರು ಅದನ್ನೇ ಕನ್ನಡಿಯ ಹಾಗೆ ಮಾಡಿದರೆ ವಿರುದ್ಧ ಹುರಿ. ಅವರೊಬ್ಬರೇ ಪೂರ್ತಿ ಹೆದೆ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ.

ಈ ದಾರವನ್ನೇ ಉಳಿಸಿಕೊಳ್ಳಬಹುದು. ಕೆಳಗಿನ ಕುಣಿಕೆಯನ್ನು ಪೂರ್ತಿ ಬಿಚ್ಚಿ, ಎಳೆಗಳನ್ನು ಬೆರಳಿನಿಂದ ಬಾಚಿ ನೇರ ಮಾಡಿ. ಎಲ್ಲಾದರೂ ಎಳೆ ತುಂಡಾಗಿದ್ದರೆ ಮುಂದುವರಿಸಬೇಡಿ, ಹೊಸದು ಮಾಡಿ. ಚೆನ್ನಾಗಿದ್ದರೆ ಮೇಣ ಹಚ್ಚಿ, ನೀವೇ, ಅದೇ ಕೈಯಲ್ಲಿ, ಅದೇ ಗುರುತಿನಿಂದ ಹೊಸೆಯಿರಿ. ಬಾಲವನ್ನು ಕಟ್ಟಿಗೆ ಸೇರಿಸಿದ ಮೇಲೆ 6 ಇಂಚಾದರೂ ಹೊಸೆಯಿರಿ. ಬಾಲದ ಎಳೆಗಳನ್ನು ಒಂದೇ ಕಡೆ ಕತ್ತರಿಸಬೇಡಿ. ಒಂದಕ್ಕಿಂತ ಒಂದು ಸ್ವಲ್ಪ ಗಿಡ್ಡ ಇದ್ದರೆ ದಪ್ಪ ನಿಧಾನಕ್ಕೆ ಕರಗುತ್ತದೆ.

ತುಂಬಾ ಜನ ಬಿಡುವ ಹಂತ ಇನ್ನೊಂದಿದೆ. ಎರಡನೆಯ ತುದಿಯನ್ನು ಹೊಸೆಯುವಾಗ ನಡುವಿನ ಭಾಗಕ್ಕೆ ವಿರುದ್ಧ ದಿಕ್ಕಿನ ಸುತ್ತು ಬಿದ್ದಿರುತ್ತದೆ. ಮೊದಲು ಅದನ್ನೆಲ್ಲ ಬಿಚ್ಚಿ. ಎರಡು ಕಟ್ಟುಗಳು ಪಕ್ಕಪಕ್ಕ ನೇರವಾಗಿ ನಿಲ್ಲಬೇಕು. ಆಮೇಲೆ ತುದಿಗಳ ಓರೆ ಯಾವ ಕಡೆಗಿದೆಯೋ ಅದೇ ಕಡೆಗೆ ಸುತ್ತು ಕೊಡಿ. ಈ ಉದ್ದದ ಹೆದೆಗೆ 20-30 ಸುತ್ತು ಸಾಕು. ಅದಕ್ಕಿಂತ ತುಂಬಾ ಜಾಸ್ತಿ ಬೇಕಾದರೆ ಹೆದೆಯೇ ಉದ್ದವಾಗಿದೆ ಅಂತ ಅರ್ಥ. ವಿಪರೀತ ಸುತ್ತಿದರೆ ಹೆದೆ ಸ್ಪ್ರಿಂಗ್ ಥರ ಆಗಿ ಬಾಣದ ವೇಗ ಕಮ್ಮಿಯಾಗುತ್ತದೆ.

ಮುಂದಿನ ಸಲ ಎರಡು ಕಟ್ಟಿಗೆ ಎರಡು ಬಣ್ಣ ತಗೊಳ್ಳಿ. ಓರೆ ದೂರದಿಂದಲೇ ಕಾಣುತ್ತದೆ, ಪೂರ್ತಿ ಕಪ್ಪು ದಾರದಲ್ಲಿ ಪತ್ತೆ ಮಾಡುವುದು ಕಷ್ಟ.

ಚಿಕ್ಕಬಿಲ್ಲು:
ಹಿಗ್ಗುವ ಗೋಳೇ ಬೇಡ ಅಂದರೆ ಡೈನೀಮಾ (ಹಿಗ್ಗದ ಹೊಸ ಬಗೆಯ) ದಾರ ಹಾಕಬಹುದಲ್ವಾ? ವೇಗವೂ ಜಾಸ್ತಿ ಅಂತಾರೆ.

ಹೆದೆಗಾರ:
ಬಿಲ್ಲು ಮಾಡಿದವರು ಸರಿ ಅಂದಿದ್ದರೆ ಮಾತ್ರ. ಡೇಕ್ರಾನ್ ಸ್ವಲ್ಪ ಹಿಗ್ಗುವುದರಿಂದಲೇ ಪೆಟ್ಟನ್ನು ಒಂದಿಷ್ಟು ನುಂಗಿಕೊಳ್ಳುತ್ತದೆ. ಡೈನೀಮಾ ನುಂಗುವುದಿಲ್ಲ, ಪೆಟ್ಟು ನೇರ ಬಿಲ್ಲಿನ ತುದಿಗೆ. ತುದಿ ಬಲಪಡಿಸದ ಹಳೆಯ ಮರದ ಬಿಲ್ಲಾದರೆ ಕೊಪ್ಪೇ ಸೀಳಬಹುದು. ಅಲ್ಲದೆ ಇವರ ಹೆದೆಯ ರೋಗಕ್ಕೆ ಅದು ಮದ್ದಲ್ಲ. ಡೈನೀಮಾ ನುಣುಪು ಜಾಸ್ತಿ, ಹುರಿ ತಪ್ಪಿದರೆ ಇನ್ನೂ ಬೇಗ ಜಾರುತ್ತದೆ.

ಬಿದಿರುಬಾಣ:
ಮೇಣ ಯಾವುದು ಸಾರ್? ನಾನು ಮೇಣದಬತ್ತಿ ಉಜ್ಜಿದ್ದೆ.

ಹೆದೆಗಾರ:
ಮೇಣದಬತ್ತಿಗೆ ಅಂಟೇ ಇರುವುದಿಲ್ಲ, ಪುಡಿಯಾಗಿ ಉದುರುತ್ತದೆ. ಜೇನುಮೇಣ ನಾಲ್ಕು ಪಾಲು, ಪಿಟೀಲಿನ ಕಮಾನಿಗೆ ಹಚ್ಚುವ ರೋಸಿನ್ ಒಂದು ಪಾಲು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಜೇನುಮೇಣ ಕರಗಿಸಿ, ರೋಸಿನ್ ಪುಡಿ ಮಾಡಿ ಹಾಕಿ ಕಲಕುತ್ತಾ ಇರಿ. ನೇರ ಬೆಂಕಿ ಮೇಲೆ ಇಡಬೇಡಿ, ಹೊತ್ತಿಕೊಳ್ಳುತ್ತದೆ. ಹೆದೆಗೆ ಹಚ್ಚಿದ ಮೇಲೆ ಚರ್ಮದ ತುಂಡಿನಿಂದ ಜೋರಾಗಿ ಉಜ್ಜಿದರೆ ಆ ಬಿಸಿಗೆ ಮೇಣ ಎಳೆಗಳೊಳಗೆ ಇಳಿಯುತ್ತದೆ.

ಬಿದಿರುಬಾಣ:
ಕೆಳಗಿನ ಕುಣಿಕೆ ಹೊಸದಾಗಿ ಮಾಡಿದೆ, ಓರೆ ಎರಡೂ ಕಡೆ ಒಂದೇ. ರಾತ್ರಿ ಏರಿಸಿಟ್ಟಾಗ ಚೂರು ಇಳಿಯಿತು, ಸುತ್ತು ಹಾಕಿ 7ಕ್ಕೆ ತಂದೆ. ಆಮೇಲೆ ಬಾಣ ಬಿಟ್ಟರೂ ಅಲ್ಲೇ ನಿಂತಿದೆ! ತುಂಬಾ ಥ್ಯಾಂಕ್ಸ್ ಸಾರ್.

ಒಂದೇ ಒಂದು ಪ್ರಶ್ನೆ. ನಡುವಿನ ಸರ್ವಿಂಗ್ (ಬಾಣ ಸಿಕ್ಕಿಸುವ ಕಡೆ ಹೆದೆಯ ಮೇಲೆ ಸುತ್ತಿದ ದಾರ) ಈಗ ಸಡಿಲವಾಗಿ ಸಂದು ಬಿಟ್ಟಿದೆ. ಸುತ್ತು ಹಾಕುವ ಮೊದಲು ಗಟ್ಟಿಯಾಗಿತ್ತು.

ಹೆದೆಗಾರ:
ಅದನ್ನೂ ಹುರಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತಿರಬೇಕು. ಹೆದೆಗೆ ಸುತ್ತು ಕೊಟ್ಟಾಗ ಸರ್ವಿಂಗ್ ಬಿಚ್ಚಿಕೊಳ್ಳುತ್ತದೆ. ತೆಗೆದು, ಹೆದೆಯ ಹುರಿ ಹೋಗುವ ದಿಕ್ಕಿಗೇ ಸುತ್ತಿ. ಹೆದೆ ಪೂರ್ತಿ ಕೂತು ಅಳತೆ ನಿಂತ ಮೇಲೆಯೇ ಸುತ್ತಿ, ಅವಸರ ಬೇಡ. ದಪ್ಪ ಸರಿ ಇದೆಯಾ ಅಂತ ನೋಡಲು ಬಾಣ ಸಿಕ್ಕಿಸಿ ಕೆಳಮುಖವಾಗಿ ತೂಗುಬಿಡಿ. ತಾನಾಗಿ ಬೀಳಬಾರದು, ಹೆದೆಗೆ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಬೀಳಬೇಕು.

ಬಿದಿರುಬಾಣ:
ಸರಿ ಸಾರ್. ಸರ್ವಿಂಗ್ ಸುತ್ತಿದ್ದೂ ತಮ್ಮನೇ.